ಹಲ್ಲಿನ ಸೆಟ್ಟೂ ಬ್ಯಾಂಡ್ ಸೆಟ್ಟೂ

ಸೆಟ್ಟು ಅನ್ನೋ ಮಾತನ್ನ ನಾನು ಮೊದಲು ಕೇಳಿದ್ದು ನಮ್ಮಪ್ಪನ ಬಾಯಲ್ಲಿ. ಆಗ ನಾವು ಗುಬ್ಬಿಯಲ್ಲಿದ್ವಿ. ಮದುವೆ ಮನೆಯವರು ಬಂದು ಬಾಗಿಲಲ್ಲಿ ನಿಂತರೆ ಅಪ್ಪ ಬೀಡಿ ಆರಿಸಿ ಕಿವಿ ಸಂದಿಗೆ ಸಿಕ್ಕಿಸ್ಕೊಂಡು, ‘ನಾನೊಬ್ಬನೇ ಬರ್ಲಾ, ಸೆಟ್ಟು ಬರ್ಬೇಕಾ?’ ಅಂತ ಕೇಳ್ತಿದ್ರು. ಸೆಟ್ಟು ಅಂದರೆ ಕ್ಲಾರಿನೆಟ್ಟು, ಟ್ರಂಪೆಟ್ಟು, ಡೋಲು, ತಾಷಾ, ತಾಳ, ಅವನ್ನು ಹಿಡಿಯೋ ಜನ, ಆ ಜನ ಹಾಕ್ಕೊಳ್ಳೋ ಕೆಂಪು ಕೋಟು, ಎಲ್ಲಾ ಸೇರಿ. ಅದು ನಮ್ಮದೇ ಮಾತು ಅಂದ್ಕೊಂಡಿದ್ದೆ. ಇಂಗ್ಲಿಷಿಂದು ಅಂತ ಗೊತ್ತಾಗಿದ್ದು ಬಹಳ ವರ್ಷ ಆದ ಮೇಲೆ.

ಆಮೇಲೆ ಆ ಮಾತು ಎಲ್ಲೆಲ್ಲೋ ಎದುರಾಗೋಕೆ ಶುರುವಾಯ್ತು. ನಾಟಕದ ಕಂಪನಿಯವರು ಅರಮನೆ ಬರೆದ ಪರದೆಗೆ ಸೆಟ್ಟು ಅಂದ್ರು. ನಮ್ಮೂರಿನ ಕರಿಸಿದ್ದಪ್ಪನವರ ತೋಟದ ಬಾವಿ ಮೇಲೆ ಕೂತು ಗುಡುಗುಡು ಅನ್ನೋದಕ್ಕೆ ಪಂಪ್‌ಸೆಟ್ಟು. ತುಮಕೂರಿಗೆ ಬಂದು ಮರಳೂರಲ್ಲಿ ಮನೆ ಮಾಡಿದಾಗ ಹೋಟ್ಲಲ್ಲಿ ಸೆಟ್ ದೋಸೆ ಸಿಕ್ತು. ಮೂರು ದೋಸೆ ಕೊಡ್ತಾರೆ. ಎರಡು ಸಾಕು ಅಂದರೆ ಸೆಟ್ಟು ಒಡೆಯೋ ಹಾಗಿಲ್ಲ ಅಂತಾರೆ. ಮಗಳು ನಿಶಾತ್ ಮದುವೇಲಿ ಕಿವೀದು, ಕತ್ತಿಂದು ಸೇರಿಸಿ ಸೆಟ್ಟು ಅಂದ್ರು. ಮನೆಗೆ ಮೋಲ್ಡ್ ಹಾಕಿದ ಮೇಸ್ತ್ರಿ ಲಕ್ಷ್ಮೀನರಸಿಂಹಯ್ಯ, ‘ಸೆಟ್ ಆಗೋವರ್ಗೂ ಯಾರೂ ಮೇಲೆ ಹತ್ಬೇಡಿ’ ಅಂತ ಹೇಳಿಹೋದವನು, ಸಂಜೆ ತಾನೇ ಹತ್ತಿ ನೋಡಿ ಹೆಜ್ಜೆ ಮೂಡಿಸಿ ಇಳಿದ. ಆ ಹೆಜ್ಜೆ ಇವತ್ತಿಗೂ ಇದೆ. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತೆ. ಕಾಗೆ ಬಂದು ಕುಡಿಯುತ್ತೆ.

ಒಂದು ದಿನ ನಿಶಾತ್ ಮನೆಗೆ ಬಂದಿದ್ದಾಗ, ಈ ಮಾತಿಗೆ ಇಂಗ್ಲಿಷ್‌ನೋರು ಏನಂತ ಅರ್ಥ ಹೇಳ್ತಾರೆ ನೋಡಮ್ಮ ಅಂದೆ. ಅವಳು ಫೋನಲ್ಲಿ ಬೆರಳಾಡಿಸ್ತಾ ಹೋದ್ಲು. ಮನೇಲಿ ನಮ್ಮ ಮಾತು ಉರ್ದು. ಇಲ್ಲಿ ಎಲ್ಲಾ ಕನ್ನಡದಲ್ಲೇ ಹಾಕಿದೀನಿ.

‘ಅಬ್ಬಾ, ಇದು ಮುಗೀತಾನೇ ಇಲ್ಲ,’ ಅಂದ್ಲು. ‘ಇಡೋದೂ ಸೆಟ್ಟಂತೆ. ಜೋಡಿಸೋದೂ ಸೆಟ್ಟಂತೆ. ಗಟ್ಟಿಯಾಗೋದೂ ಸೆಟ್ಟಂತೆ. ಹೊತ್ತು ಮುಳುಗೋದಕ್ಕೂ ಅದೇ.’

ನನ್ನ ಹೆಂಡತಿ ರಝಿಯಾ ಅಕ್ಕಿ ಆರಿಸ್ತಾ ಕೂತಿದ್ಲು. ‘ಗಟ್ಟಿಯಾಗಿ ನಿಲ್ಲೋದಕ್ಕೂ ಅದೇ, ಮುಳುಗಿ ಹೋಗೋದಕ್ಕೂ ಅದೇನಾ? ಯಾವಾಗ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ?’

‘ಪಕ್ಕದಲ್ಲಿರೋ ಮಾತು ನೋಡಿ ತಿಳ್ಕೋಬೇಕು ಅಮ್ಮೀ.’

‘ನಿಮ್ಮಪ್ಪನ ಪಕ್ಕದಲ್ಲಿ ಇಷ್ಟು ವರ್ಷದಿಂದ ಇದೀನಿ. ನನಗೇ ಇನ್ನೂ ತಿಳಿದಿಲ್ಲ.’

ಆಗ ನನ್ನ ಬಾಯಲ್ಲೂ ಒಂದು ಹೊಸ ಸೆಟ್ಟಿತ್ತು. ಅದನ್ನ ಹಾಕ್ಕೊಂಡು ತಕ್ಷಣ ಉತ್ತರ ಕೊಡೋಕೆ ಬರ್ತಿರಲಿಲ್ಲ.

ನನ್ನ ಹಲ್ಲು ಒಂದೊಂದಾಗಿ ಹೋದವು. ಮುಂದಿನ ಎರಡು ಇರೋವರೆಗೂ ನಾನು ಯೋಚನೆ ಮಾಡಲಿಲ್ಲ. ಕ್ಲಾರಿನೆಟ್ ಹಿಡಿಯೋದು ಆ ಎರಡೇ. ಮಿಕ್ಕವು ಊಟಕ್ಕೆ. ಹೋದ ವರ್ಷ ಆ ಎರಡೂ ಹೋದವು. ಮಹಡಿ ಮೇಲೆ ಮೇಸ್ತ್ರಿ ಹೆಜ್ಜೆ ಪಕ್ಕ ಕೂತು, ಎರಡೂ ತುಟಿ ಒಳಗೆ ಮಡಚಿ, ಒಸಡಿನ ಮೇಲೆ ಹಿಡಿದು ಊದಿ ನೋಡಿದೆ. ಕೆಳಗಿನ ಸ್ವರ ಎಲ್ಲ ಬಂದವು. ಮಧ್ಯದವೂ ಬಂದವು. ಮೇಲಿನವು ಬರಲಿಲ್ಲ. ತಿಂಗಳುಗಟ್ಟಲೆ ಕೂತೆ, ಬರಲಿಲ್ಲ. ಪಕ್ಕದ ಮನೆಯವರು ನಮ್ಮ ಮನೇಲಿ ಯಾರಿಗೆ ಹುಷಾರಿಲ್ಲ ಅಂತ ರಝಿಯಾನ ಕೇಳಿದ್ರು.

ಆಗ ನಿಶಾತ್ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಸೆಟ್ಟು ಮಾಡಿಸಿದ್ಲು. ನೋಡೋಕೆ ಚೆನ್ನಾಗಿತ್ತು. ಅಷ್ಟು ಬಿಳೀ ಹಲ್ಲು ನನಗೆ ಹುಟ್ಟಿದಾಗಿಂದ ಇರಲಿಲ್ಲ. ಆದರೆ ಕ್ಲಾರಿನೆಟ್ ಕಚ್ಚಿ ಊದಿದರೆ, ಸ್ವರಕ್ಕಿಂತ ಮೊದಲು ಹಲ್ಲು ಹೊರಗೆ ಬರ್ತಿತ್ತು. ಹೋಗಿ ಹೇಳಿದೆ. ಡಾಕ್ಟ್ರಮ್ಮ, ‘ಸೆಟ್ ಆಗುತ್ತೆ ತಾತ, ಸ್ವಲ್ಪ ಟೈಮ್ ಕೊಡಿ’ ಅಂದ್ರು. ಮೇಸ್ತ್ರಿಯೂ ಹಾಗೇ ಹೇಳಿದ್ದ.

ನಮ್ಮ ಬ್ಯಾಂಡ್ ಸೆಟ್ಟಿಗೆ ಈಗ ಯಜಮಾನ ನಾಸಿರ್, ನನ್ನ ತಮ್ಮನ ಮಗ. ನನ್ನನ್ನ ಬಡೇಬಾ ಅಂತಾನೆ, ಅಂದರೆ ದೊಡ್ಡಪ್ಪ. ಕೆಲಸದಲ್ಲಿ ಚುರುಕು. ಅವನು ಬಂದ ಮೇಲೆ ನಾಲ್ಕು ಚಕ್ರದ ಗಾಡಿ ಬಂತು, ಅದರ ಮೇಲೆ ಕೀಬೋರ್ಡು, ಎರಡು ದೊಡ್ಡ ಸ್ಪೀಕರು, ಇವಕ್ಕೆಲ್ಲಾ ಕರೆಂಟು ಕೊಡೋ ಜೆನ್‌ಸೆಟ್ಟು. ಕೀಬೋರ್ಡಿಗೆ ಜೀಶಾನ್ ಅಂತ ಒಬ್ಬನನ್ನ ಇಟ್ಟ. ಜೀಶಾನ್ ಒಬ್ಬನೇ ಪಿಟೀಲು, ಕೊಳಲು, ಶಹನಾಯಿ ಎಲ್ಲಾ ನುಡಿಸ್ತಾನೆ. ಹಾಗಾಗಿ ಊದೋರು ಬೇಕಾಗಲಿಲ್ಲ.

ಆದರೂ ಸೆಟ್ಟು ಅಂದರೆ ಹನ್ನೊಂದು ಜನ ಕಾಣಬೇಕು. ಮದುವೆ ಪಾರ್ಟಿಯವರು ತಲೆ ಎಣಿಸ್ತಾರೆ. ಅದಕ್ಕೆ ಡಮ್ಮಿಗಳನ್ನ ಕರೀತಾರೆ. ಡಮ್ಮಿ ಅಂದರೆ ಕೋಟು ಟೋಪಿ ಹಾಕ್ಕೊಂಡು, ವಾದ್ಯ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ ನಡೆಯೋನು. ಊದೋ ಹಾಗಿಲ್ಲ. ಇದು ನಮ್ಮಪ್ಪನ ಕಾಲದಲ್ಲೂ ಇತ್ತು, ಆಗ ಒಬ್ಬನೋ ಇಬ್ಬರೋ. ಈಗ ನಿಜವಾಗಿ ಊದೋನು ಟ್ರಂಪೆಟ್ಟಿನ ಅಪ್ಪಾಜಿ ಒಬ್ಬನೇ.

ಬಣ್ಣ ಹೊಡೆಯೋ ಸೋಮಶೇಖರ್ ಅಂತ ಒಬ್ಬ ಕೋರ ಅನ್ನೋ ಊರಿನ ಮದುವೆಯೊಂದಕ್ಕೆ ಡಮ್ಮಿಯಾಗಿ ಬಂದವನು, ಕುಣಿಯೋರನ್ನ ನೋಡಿ ಖುಷಿಯಾಗಿ ಊದೇಬಿಟ್ಟ. ಗಂಡು ಕೂತಿದ್ದ ಕುದುರೆ ಹಿಂದಕ್ಕೆ ತಿರುಗಿ, ಗಂಡಿನ ಸಮೇತ ಮನೆ ಕಡೆ ಹೊರಡ್ತು. ಆವತ್ತಿಂದ ನಾಸಿರ್ ಡಮ್ಮಿಗಳ ಕೈಗೆ ಕ್ಲಾರಿನೆಟ್ ಕೊಡೋ ಮುಂಚೆ ರೀಡು ಬಿಚ್ಚಿ ತಾನೇ ಇಟ್ಕೊಳ್ತಾನೆ. ರೀಡು ಅಂದರೆ ಮೂತಿಗೆ ಕಟ್ಟೋ ಜೊಂಡಿನ ತೆಳ್ಳನೆ ಸೀಳು. ಅದು ಅದುರಿದರೇ ಸ್ವರ. ಅದಿಲ್ಲದಿದ್ದರೆ ಕ್ಲಾರಿನೆಟ್ಟು ಬರೀ ಕಪ್ಪು ಕೊಳವೆ.

ಹೀಗಿರೋವಾಗ ಗುಬ್ಬಿಯಿಂದ ಕರಿಸಿದ್ದಪ್ಪನವರು ಬಂದ್ರು. ಮಗ ಉದಯಕುಮಾರನ ಮದುವೆ, ಹೆಣ್ಣು ಕುಣಿಗಲ್‌ನೋಳು, ರೂಪಶ್ರೀ ಅಂತ, ಛತ್ರವೂ ಅಲ್ಲೇ. ತಟ್ಟೇಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ನನ್ನ ಕೈಗೇ ಕೊಟ್ರು. ಅವರ ಮನೆತನದ ಮದುವೆಗೆ ನಮ್ಮ ಸೆಟ್ಟೇ ಹೋಗಬೇಕು. ಅವರ ತಂದೆ ಮದುವೆಗೆ ನಮ್ಮಪ್ಪ ಊದಿದ್ರು, ಇವರದಕ್ಕೆ ನಾನು.

ಅವರಲ್ಲಿ ಒಂದು ಪದ್ಧತಿ ಇದೆ. ಗಂಡು ಛತ್ರದ ಬಾಗಿಲಿಗೆ ಬಂದಾಗ ನಮ್ಮಪ್ಪ ಕಟ್ಟಿದ ಒಂದು ಧಾಟಿ ನುಡಿಸಬೇಕು. ಹೊಸಿಲ ಧಾಟಿ ಅಂತ ಕರೀತೀವಿ. ಕ್ಲಾರಿನೆಟ್ಟು ಕೆಳಗಿಂದ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಸ್ವರ ಹತ್ತುತ್ತೆ. ತುದಿಯ ಸ್ವರ ಮುಟ್ಟಿದಾಗ ಹೆಣ್ಣಿನ ತಾಯಿ ಆರತಿ ಎತ್ತಬೇಕು, ಗಂಡು ಬಲಗಾಲು ಒಳಗಿಡಬೇಕು. ಅಲ್ಲಿಂದ ಮುಂದೆ ಟ್ರಂಪೆಟ್ಟು. ಇದನ್ನ ಬಿಡದೆ ನಡೆಸಿಕೊಂಡು ಬಂದಿರೋರು ಕರಿಸಿದ್ದಪ್ಪನವರ ತಾಯಿ ಕರಿಬಸಮ್ಮ.

‘ಬುಡನ್ ಸಾಬ್ರೇ, ಕ್ಲಾರಿನೆಟ್ಟು ನೀವೇ. ನಮ್ಮವ್ವ ಹೇಳಿ ಕಳ್ಸವ್ಳೆ,’ ಅಂದ್ರು ಕರಿಸಿದ್ದಪ್ಪ.

‘ಬಡೇಬಾ ಬರ್ತಾರೆ ಅಣ್ಣ. ಕ್ಲಾರಿನೆಟ್ಟು ಅವರೇ ಹಿಡೀತಾರೆ,’ ಅಂದ ನಾಸಿರ್.

ಊದ್ತಾರೆ ಅನ್ನಲಿಲ್ಲ. ನಾನು ಗಮನಿಸಿದೆ. ಕರಿಸಿದ್ದಪ್ಪ ಟೀ ಕುಡೀತಿದ್ರು.

ಅವರು ಹೋದ ಮೇಲೆ ನಾಸಿರ್ ನನ್ನ ಪಕ್ಕ ಕೂತ. ‘ಬಡೇಬಾ, ಆ ಧಾಟೀನ ಜೀಶಾನ್ ಕಲ್ತಿದಾನೆ. ಕ್ಲಾರಿನೆಟ್ ಟೋನ್ ಸೆಟ್ ಮಾಡಿ ಇಟ್ಟಿದಾನೆ. ನೀವು ಮುಂದೆ ನಿಂತ್ರೆ ಸಾಕು.’

‘ಕರಿಬಸಮ್ಮನಿಗೆ?’

‘ವಯಸ್ಸಾಗಿದೆ. ಗೊತ್ತಾಗಲ್ಲ.’ ಟೀ ಲೋಟ ಎತ್ತಿಡ್ತಾ ಹೇಳಿದ. ‘ಇದೊಂದು ಆಗ್ಲಿ. ಆಮೇಲೆ ಕ್ಲಾರಿನೆಟ್ಟನ್ನ ಸೆಟ್ಟಿಂದ ತೆಗೆದುಬಿಡೋಣ. ನೀವು ಮನೇಲಿರಿ. ಸಾಕಷ್ಟು ದುಡಿದಿದೀರ.’

ಅವನು ಕೆಟ್ಟದಾಗಿ ಹೇಳಲಿಲ್ಲ. ನಾನೂ ಬೇಜಾರು ಮಾಡ್ಕೊಂಡೆ ಅಂತ ತೋರಿಸಲಿಲ್ಲ. ಮನೇಲಿರು ಅಂದರೆ ಇರಬಹುದು. ಆದರೆ ನಮ್ಮಪ್ಪ ಕಟ್ಟಿದ ಧಾಟಿಗೆ, ನಮ್ಮಪ್ಪನ ಕ್ಲಾರಿನೆಟ್ಟು ಹಿಡಿದು, ಕೊನೇ ಸಲ ಕೆನ್ನೆ ಮಾತ್ರ ಉಬ್ಬಿಸಿ ಬಾ ಅಂದರೆ ಅದು ನನಗೆ ನುಂಗೋಕಾಗಲಿಲ್ಲ. ಒಂದು ಸಲ ಊದಿ ಬಿಡಬೇಕು. ಅಷ್ಟೇ ನನಗಿದ್ದದ್ದು. ಅದೂ ಆಗೋ ಹಾಗಿರಲಿಲ್ಲ. ಹಲ್ಲಿದ್ದರೆ ಊದೋಕೆ ಬರಲ್ಲ, ತೆಗೆದರೆ ತುದಿಯ ಸ್ವರ ಬರಲ್ಲ.

ಹಲ್ಲಿನ ಸೆಟ್ಟಿನ ಜೊತೆ ಡಾಕ್ಟ್ರಮ್ಮ ಒಂದು ನೀಲಿ ಡಬ್ಬಿ ಕೊಟ್ಟಿದ್ರು. ಮಲಗೋವಾಗ ಹಲ್ಲು ತೆಗೆದು ಅದರಲ್ಲಿ ಹಾಕಿ, ನೀರು ಬಿಟ್ಟು, ಒಂದು ಬಿಳೀ ಗುಳಿಗೆ ಹಾಕಬೇಕು. ಅದು ಬುಸ್ ಅಂತ ನೊರೆಯಾಗಿ ಪುದೀನ ವಾಸನೆ ಬರುತ್ತೆ. ಹೊರಗೆ ಹೋದರೆ ಡಬ್ಬಿ ಜೇಬಲ್ಲಿರಬೇಕು ಅಂತ ರಝಿಯಾ ಕಟ್ಟಪ್ಪಣೆ. ಹಲ್ಲು ಬಾಯಲ್ಲಿದ್ದಾಗ ಡಬ್ಬಿ ಖಾಲಿ. ಖಾಲಿ ಡಬ್ಬಿ ಹೊತ್ತು ತಿರುಗೋದು ಯಾಕೆ ಅಂತ ಮದುವೆ ದಿನ ಅದರಲ್ಲಿ ನನ್ನದೊಂದು ರೀಡು ಇಟ್ಟೆ. ಊದ್ತೀನಿ ಅಂತಲ್ಲ. ಇರಲಿ ಅಂತ.

ಭಾನುವಾರ ಟೆಂಪೋದಲ್ಲಿ ಎಲ್ಲರೂ ಕುಣಿಗಲ್‌ಗೆ ಹೋದ್ವಿ. ನಾಲ್ಕೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಗಂಡು ಛತ್ರದ ಒಳಗೆ ಹೋಗಬೇಕು ಅಂತ ಅಯ್ನೋರು ಹೇಳಿದ್ರು. ಮೂರೂವರೆಗೆ ದೇವಸ್ಥಾನದ ಹತ್ರ ಮೆರವಣಿಗೆಗೆ ನಿಂತ್ವಿ. ಕುದುರೆ ಫಾರಮ್ಮಿಗೆ ಹೆಸರಾದ ಕುಣಿಗಲ್‌ನಲ್ಲಿ ಮದುವೆ ಅಂದ ಮೇಲೆ ಕುದುರೆ ತರಿಸೋಣ ಅಂತ ಹೆಣ್ಣಿನ ಕಡೆಯೋರು ಆಸೆಪಟ್ಟಿದ್ರಂತೆ. ಉದಯಕುಮಾರ ಒಪ್ಪಲಿಲ್ಲ. ಬಿದರೆಹಳ್ಳ ಕಾವಲ್ ಫ್ಯಾಕ್ಟ್ರೀಲಿ ಹೆಲಿಕಾಪ್ಟರ್ ಜೋಡಿಸೋ ಹುಡುಗ, ಕುದುರೆಗೆ ಹೆದರ್ತಾನೆ. ತೆರೆದ ಜೀಪಲ್ಲಿ ಕೂತಿದ್ದ. ಹಿಂದಿನ ಕಾರಲ್ಲಿ ಅಜ್ಜಿ ಕರಿಬಸಮ್ಮ.

ನಾಸಿರ್ ಎಲ್ಲರಿಗೂ ವಾದ್ಯ ಹಂಚಿದ. ನನ್ನ ಕ್ಲಾರಿನೆಟ್ಟು ನನ್ನ ಕೈಗೆ ಬಂತು. ರೀಡು ಇರಲಿಲ್ಲ. ನಾನು ಕ್ಲಾರಿನೆಟ್ಟಿನ ಮೂತಿ ನೋಡಿದೆ, ಅವನು ಟೋಪಿ ಸರಿಮಾಡ್ಕೊಂಡ.

ಮೆರವಣಿಗೆ ಹೊರಡ್ತು. ಜೀಶಾನ್ ಗಾಡಿ ಜೊತೆ ನಡೀತಾ ಸಿನಿಮಾ ಹಾಡು ನುಡಿಸ್ತಿದ್ದ. ನನ್ನ ಪಕ್ಕದಲ್ಲಿ ಇನ್ನೊಂದು ಕ್ಲಾರಿನೆಟ್ಟು ಹಿಡಿದು ಸೋಮಶೇಖರ್. ಹಾಡು ಕೇಳಿಸಿದರೆ ನನ್ನ ಬೆರಳು ಸುಮ್ಮನಿರಲ್ಲ. ತೂತು ಮುಚ್ಚಿ ತೆಗೆದು ಹಾಡಿನ ಹಾಗೇ ಆಡ್ತಿದ್ವು. ಸೋಮಶೇಖರ್ ಸ್ವಲ್ಪ ದೂರ ನೋಡ್ಕೊಂಡು ಬಂದು ಮೆಲ್ಲಗೆ ಹೇಳಿದ.

‘ಸಾಬ್ರೇ, ಅಷ್ಟೆಲ್ಲ ಕಷ್ಟ ಪಡ್ಬೇಡಿ. ಎರಡು ಬೆರಳು ಆಡಿಸಿದ್ರೆ ಸಾಕು. ನನ್ನ ನೋಡಿ.’

‘ಆಗ್ಲಪ್ಪ,’ ಅಂದೆ.

‘ಕೆನ್ನೆ ಚೆನ್ನಾಗಿ ಉಬ್ಬಿಸ್ತೀರ. ಅದು ಎಲ್ಲಾರ್ಗೂ ಬರಲ್ಲ.’

ಛತ್ರ ಕಾಣ್ತು. ಬಾಗಿಲಲ್ಲಿ ಹೆಣ್ಣಿನ ತಾಯಿ ಸಿದ್ದಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ರು. ಬತ್ತಿ ಹಚ್ಚಾಗಿತ್ತು. ನಾಸಿರ್ ಕೈ ಎತ್ತಿ ಹಾಡು ನಿಲ್ಲಿಸಿ, ಧಾಟಿ ತಗೋ ಅಂತ ಜೀಶಾನ್‌ಗೆ ಸನ್ನೆ ಮಾಡಿದ. ಜೀಶಾನ್ ಕೀಲಿ ಒತ್ತಿದ. ಮೊದಲ ಸ್ವರ ಬಂತು, ಎರಡನೇದು ಅರ್ಧ ಬಂತು. ಜೆನ್‌ಸೆಟ್ಟು ಕೆಮ್ಮಿ ನಿಂತುಹೋಯ್ತು.

ನಾಸಿರ್ ಹಗ್ಗ ಎಳೆದ. ಮತ್ತೆ ಎಳೆದ. ಮುಚ್ಚಳ ತೆಗೆದು ಒಳಗೆ ನೋಡಿದ.

‘ಪೆಟ್ರೋಲ್ ಹಾಕಿದೀನಿ ಅಂದೆಯಲ್ಲೋ.’

‘ಹಾಕಿದೀನಿ,’ ಅಂದ ಜೀಶಾನ್. ಆಮೇಲೆ ಯೋಚನೆ ಮಾಡಿ, ‘ಬೈಕಿಗೆ’ ಅಂದ.

ಒಬ್ಬ ಸ್ಕೂಟರಲ್ಲಿ ಪೆಟ್ರೋಲ್ ತರೋಕೆ ಓಡಿದ. ಛತ್ರದಿಂದ ವೈರು ಎಳೆಯೋಣ ಅಂದರೆ ಊರಿಗೇ ಕರೆಂಟಿರಲಿಲ್ಲ. ಛತ್ರದ ಜನರೇಟರ್ ರೂಮಿಗೆ ಬೀಗ. ಕೀ ಇದ್ದೋನು ಊಟಕ್ಕೆ ಹೋಗಿದ್ದ. ಅಯ್ನೋರು ಗಡಿಯಾರ ನೋಡಿ, ‘ಇನ್ನು ಕಾಲು ಗಂಟೆ ಇಲ್ಲ, ಬೇಗ ಬೇಗ’ ಅಂದ್ರು.

ಕಾರಿನ ಗಾಜು ಇಳೀತು. ಕರಿಬಸಮ್ಮ ತಲೆ ಹೊರಗೆ ಹಾಕಿದ್ರು.

‘ಏನ್ಲಾ ಕರಿಸಿದ್ದ, ಯಾಕ್ ನಿಂತ್ರಿ?’

‘ಜೆನ್‌ಸೆಟ್ಟು ಕೆಟ್ಟೋಯ್ತಂತೆ ಕಣವ್ವ.’

‘ಕ್ಲಾರಿನೆಟ್ಟಿಗೆ ಯಾಕ್ಲಾ ಜೆನ್‌ಸೆಟ್ಟು?’

ಸೋಮಶೇಖರ್ ಕೆನ್ನೆ ಇನ್ನೂ ಉಬ್ಬಿಸ್ಕೊಂಡೇ ಇದ್ದ. ಈಗ ಮೆಲ್ಲಗೆ ಇಳಿಸಿದ.

ಕರಿಸಿದ್ದಪ್ಪ ತಾಯಿ ಹತ್ರ ಬಗ್ಗಿದ್ರು. ‘ಅವ್ವ, ರಾಹುಕಾಲ ಬರ್ತದೆ. ಹಂಗೇ ಒಳಕ್ಕೆ ಕರ್ಕೊಂಡೋಗ್ಬುಡಣ.’

‘ಧಾಟಿ ಇಲ್ದಂಗೆ ನಮ್ಮನೆ ಗಂಡು ಯಾವ ಹೊಸಲೂ ದಾಟಿಲ್ಲ. ನಿಮ್ಮಪ್ಪನ್ನ ಕೇಳು.’

ಅವರಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಕರಿಸಿದ್ದಪ್ಪ ನಾಸಿರ್ ಕಡೆ ನೋಡಿದ್ರು. ನಾಸಿರ್ ಅಪ್ಪಾಜಿ ಕಡೆ ನೋಡಿ, ‘ನೀನಾದ್ರೂ ಊದಣ್ಣ’ ಅಂದ.

ಅಪ್ಪಾಜಿ ಊದಿದ. ನಮ್ಮಲ್ಲಿ ಕೆಲಸ ಕಲಿಯೋದು ಹೇಗೆ ಅಂದರೆ, ಒಬ್ಬೊಬ್ಬನಿಗೂ ಅವನವನ ತುಂಡು ಮಾತ್ರ ಹೇಳಿಕೊಡ್ತಾರೆ. ಪೂರ್ತಿ ಹಾಡು ಯಾರಿಗೂ ಗೊತ್ತಿರಲ್ಲ, ಗೊತ್ತಿರಬೇಕಾಗೂ ಇಲ್ಲ. ಅಪ್ಪಾಜಿ ತನ್ನ ತುಂಡು ಚೆನ್ನಾಗಿ ಊದಿ ನಿಲ್ಲಿಸಿದ. ಕ್ಲಾರಿನೆಟ್ಟಿನ ಭಾಗ ಎಷ್ಟು ಹೊತ್ತು ಬರಬೇಕೋ ಅಷ್ಟು ಹೊತ್ತು, ಕಾಲಲ್ಲಿ ತಾಳ ಹಾಕ್ತಾ, ಸುಮ್ಮನೆ ನಿಂತ. ಮತ್ತೆ ತನ್ನ ತುಂಡು ಊದಿದ. ಮತ್ತೆ ಸುಮ್ಮನೆ ನಿಂತ.

‘ಯಾಕಯ್ಯ ನಿಲ್ಲಿಸ್ದೆ?’ ಅಂತ ಹೆಣ್ಣಿನ ಕಡೆಯೋರೊಬ್ಬರು ಕೇಳಿದ್ರು.

‘ಈ ಜಾಗ ನಂದಲ್ಲ ಸಾ. ಕ್ಲಾರಿನೆಟ್ಟಿಂದು.’

ಆಗ ಎಲ್ಲರೂ ನನ್ನ ಕಡೆ ತಿರುಗಿದ್ರು. ನಾಸಿರ್ ಹತ್ರ ಬಂದ. ಅವನ ಕೈಯೆಲ್ಲ ಜೆನ್‌ಸೆಟ್ಟಿನ ಮಸಿ.

‘ಬಡೇಬಾ, ಆಗುತ್ತಾ?’

‘ರೀಡು ನಿನ್ನ ಹತ್ರ ಇದೆ.’

‘ಟೆಂಪೋದಲ್ಲಿಟ್ಟೆ. ಟೆಂಪೋ ಬಸ್‌ಸ್ಟ್ಯಾಂಡ್ ಹಿಂದೆ ನಿಲ್ಲಿಸಿದಾರೆ.’

ನಾನು ಜೀಪಿನ ಕಡೆ ಮುಖ ಮಾಡಿ, ಜನಕ್ಕೆ ಬೆನ್ನು ತಿರುಗಿಸಿದೆ. ಜೇಬಿಂದ ಡಬ್ಬಿ ತೆಗೆದೆ. ರೀಡು ತೆಗೆದು ತುಟಿ ಮಧ್ಯ ಕಚ್ಚಿಕೊಂಡು ನೆನೆಯೋಕೆ ಬಿಡಬೇಕು. ಆದರೆ ಬಾಯಲ್ಲಿ ಹಲ್ಲಿದೆ. ರೀಡನ್ನ ಟೋಪಿ ಅಂಚಿಗೆ ಸಿಕ್ಕಿಸಿ, ಹಲ್ಲು ತೆಗೆದು ಡಬ್ಬೀಲಿ ಹಾಕಿ ಮುಚ್ಚಿ, ರೀಡು ಬಾಯಿಗಿಟ್ಕೊಂಡೆ. ಪುದೀನ ರುಚಿ. ಜೀಪಲ್ಲಿ ಕೂತಿದ್ದ ಉದಯಕುಮಾರ ಇದನ್ನೆಲ್ಲಾ ನೋಡ್ತಿದ್ದ. ಬಾಸಿಂಗ ಕಟ್ಟಿದ ಹುಡುಗ ಅದಕ್ಕಿಂತ ಹೆಚ್ಚು ಏನೂ ಮಾಡೋ ಹಾಗಿರಲಿಲ್ಲ.

‘ನಮ್ಮ ಫ್ಯಾಕ್ಟ್ರೀಲೂ ಹಿಂಗೇ ತಾತ,’ ಅಂದ. ‘ಒಂದು ಬಿಚ್ಚಿದ್ರೇನೇ ಇನ್ನೊಂದು ಕೂರೋದು.’

ರೀಡು ಕಟ್ಟಿ ತಿರುಗಿದೆ. ನಾಸಿರ್ ಡಬ್ಬಿ ನೋಡಿದ, ನನ್ನ ಬಾಯಿ ನೋಡಿದ. ತುದಿಯ ಸ್ವರಕ್ಕೆ ಏನು ಮಾಡಬೇಕು ಅಂತ ನಾನು ಯೋಚನೆ ಮಾಡಿರಲಿಲ್ಲ. ಯೋಚನೆ ಮಾಡೋಕೆ ಹೊತ್ತೂ ಇರಲಿಲ್ಲ.

ಮೊದಲನೇ ಸಲ ಊದಿದಾಗ ಎಮ್ಮೆ ಕರು ಕೂಗಿದ ಹಾಗಾಯ್ತು. ಯಾರೋ ನಕ್ಕರು. ಎರಡನೇ ಸಲ ಸ್ವರ ನಿಂತಿತು. ಡೋಲಿನೋನು ನನ್ನ ಮುಖ ನೋಡಿ ಸಣ್ಣಗೆ ಹಿಡಿದ. ಧಾಟಿ ಶುರುವಾಯ್ತು.

ಸ್ಪೀಕರಿನ ಶಬ್ದದ ಮುಂದೆ ಅದು ಏನೂ ಅಲ್ಲ. ಹಿಂದಿನ ಸಾಲಿನೋರಿಗೆ ಕೇಳಿಸಿತೋ ಇಲ್ಲವೋ. ಆದರೆ ಜನ ಮಾತು ನಿಲ್ಲಿಸಿದ್ರು. ಉದಯಕುಮಾರ ಜೀಪಿಂದ ಇಳಿದ. ಕರಿಬಸಮ್ಮನನ್ನ ಇಬ್ಬರು ಹಿಡಿದು ಕಾರಿಂದ ಇಳಿಸಿದ್ರು. ನಾನು ಹಿಂದಕ್ಕೆ ಹಿಂದಕ್ಕೆ ನಡೀತಾ, ಒಂದೊಂದು ಸ್ವರಕ್ಕೆ ಒಂದೊಂದು ಹೆಜ್ಜೆ, ಗಂಡನ್ನ ಬಾಗಿಲಿಗೆ ಕರ್ಕೊಂಡು ಬಂದೆ. ನಮ್ಮಪ್ಪ ಹಾಗೇ ಕರ್ಕೊಂಡು ಬರ್ತಿದ್ರು. ಒಸಡು ಉರೀತಿತ್ತು. ಸಿದ್ದಲಕ್ಷ್ಮಮ್ಮ ತಟ್ಟೆ ಸೊಂಟದ ಹತ್ರ ಹಿಡಿದು ನನ್ನನ್ನೇ ನೋಡ್ತಿದ್ರು. ತುದಿ ಮುಟ್ಟಿದಾಗ ಎತ್ತಬೇಕು ಅಂತ ಅವರಿಗೆ ಹೇಳಿಕೊಟ್ಟಿದ್ರು.

ಕೊನೇ ಮೆಟ್ಟಿಲಿಗೆ ಬಂದೆ. ಇದ್ದಬದ್ದ ಉಸಿರೆಲ್ಲ ಹಾಕಿ ಊದಿದೆ. ಗಾಳಿ ಬಂತು. ಸ್ವರ ಬರಲಿಲ್ಲ. ಬರೀ ಗಾಳಿ, ಸೈಕಲ್ ಟ್ಯೂಬಿಂದ ಹೋದ ಹಾಗೆ. ತಟ್ಟೆ ಸೊಂಟದಲ್ಲೇ ಇತ್ತು.

ಅಪ್ಪಾಜಿ ಅಷ್ಟು ಹೊತ್ತೂ ಕಾಲಲ್ಲಿ ತಾಳ ಹಾಕ್ತಾ ನಿಂತಿದ್ದ. ಅವನ ತುಂಡು ಶುರುವಾಗೋದು ಆ ಸ್ವರದಿಂದಲೇ. ಅವನ ಜಾಗ ಬಂತು. ಟ್ರಂಪೆಟ್ಟು ಎತ್ತಿ, ತುದಿಯ ಸ್ವರ, ದಪ್ಪಗೆ, ಇಡೀ ಬೀದಿಗೆ ಕೇಳಿಸೋ ಹಾಗೆ ಹಿಡಿದ.

ಆರತಿ ಮೇಲೆ ಹೋಯ್ತು. ಉದಯಕುಮಾರನ ಬಲಗಾಲು ಒಳಗೆ ಹೋಯ್ತು. ಅಯ್ನೋರು ಗಡಿಯಾರ ಒಳಗಿಟ್ಕೊಂಡ್ರು.

ಎಲ್ಲರೂ ಒಳಗೆ ಹೋದ ಮೇಲೆ ಪೆಟ್ರೋಲ್ ಬಂತು. ಜೀಶಾನ್ ಮತ್ತೆ ಸಿನಿಮಾ ಹಾಡು ನುಡಿಸಿದ. ಕೇಳೋಕೆ ಸೋಮಶೇಖರ್ ಒಬ್ಬನೇ ಇದ್ದ.

ಊಟಕ್ಕೆ ಕೂತಾಗ ಅಪ್ಪಾಜೀನ ಕೇಳಿದೆ. ‘ನನ್ನ ಸ್ವರ ಹೋಗಿದ್ದು ಗೊತ್ತಾಗಿ ಹಿಡಿದೆಯಾ?’

‘ಎಲ್ಲಿ ಬುಡನಣ್ಣ? ನನ್ನ ಜಾಗ ಬಂತು, ಊದ್ದೆ.’

‘ನಂದು ಬರ್ಲಿಲ್ಲ ಅಂತ ಕೇಳಿಸಲಿಲ್ವಾ?’

‘ನಿಮ್ದು ಕೇಳ್ತಾ ನಿಂತ್ಕೊಂಡ್ರೆ ನನ್ನ ಜಾಗ ತಪ್ಪೋಗುತ್ತೆ,’ ಅಂದು ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಂಡ.

ಕೈ ತೊಳೆಯೋ ಕಡೆ ಕರಿಬಸಮ್ಮ ಕುರ್ಚಿ ಹಾಕ್ಕೊಂಡು ಕೂತಿದ್ರು. ನನ್ನನ್ನ ಕರೆದ್ರು. ಹತ್ರ ಹೋಗಿ ನಿಂತೆ.

‘ಏನಪ್ಪಾ ಬುಡನ್ ಸಾಬು, ಕೊನೇ ಮೆಟ್ಲು ನಿನ್ ಕೈಲಿ ಆಗ್ಲಿಲ್ಲ.’

‘ಆಗ್ಲಿಲ್ಲ ಅಮ್ಮಾರೇ.’

‘ತುತ್ತೂರಿಯವ್ನು ಹತ್ತುದ.’

‘ಹೌದು.’

‘ನಾನೂವೆ ಈ ಛತ್ರದ ಮೆಟ್ಲ ಇಬ್ಬರ ಕೈ ಹಿಡ್ಕಂಡು ಹತ್ತಿದೀನಿ. ಬುಡು.’ ನನ್ನ ಬಾಯನ್ನೇ ನೋಡಿದ್ರು. ‘ಕಟ್ಟಿಸ್ಕಂಡಿದೀಯ ಅಂದ್ರು, ಎಲ್ಲಿ ಹಲ್ಲು?’

‘ಡಬ್ಬೀಲಿ.’

‘ನಂದು ಗುಬ್ಬೀಲಿ. ಮದುವೆಗಾದ್ರೂ ಹಾಕ್ಕ ಅಂದ್ರು. ಕಡ್ಲೆ ಹುರ್ದಂಗೆ ಕಟಕಟ ಅಂತದೆ. ನಾನ್ ಹಾಕ್ಕಳಲ್ಲ ಅಂದೆ.’

ಹೊರಗೆ ಜೆನ್‌ಸೆಟ್ಟು ಓಡ್ತಾ ಇತ್ತು.

ವಾಪಸ್ ಬರೋವಾಗ ನಾಸಿರ್ ಟೆಂಪೋದಲ್ಲಿ ವಾದ್ಯ ಎಲ್ಲ ಪೆಟ್ಟಿಗೆಗೆ ಹಾಕ್ತಿದ್ದ. ನನ್ನ ಕ್ಲಾರಿನೆಟ್ಟು ತಗೊಂಡ. ಮೂತಿ ಹತ್ರ ಕೈ ಹೋಯ್ತು, ಅಭ್ಯಾಸ. ರೀಡು ಮುಟ್ಟಿ ನಿಲ್ಲಿಸಿದ. ಮೂಗಿನ ಹತ್ರ ಹಿಡಿದು ನೋಡಿದ.

‘ಪುದೀನ ವಾಸನೆ ಬರ್ತಿದೆ ಬಡೇಬಾ.’

‘ಹೌದು.’

ಬಿಚ್ಚಲಿಲ್ಲ. ಕ್ಲಾರಿನೆಟ್ಟನ್ನ ಪೆಟ್ಟಿಗೆಗೂ ಹಾಕಲಿಲ್ಲ. ನನ್ನ ತೊಡೆ ಮೇಲಿಟ್ಟು ಮುಂದಕ್ಕೆ ಹೋಗಿ ಡ್ರೈವರ್ ಪಕ್ಕ ಕೂತ. ಡಬ್ಬಿಯಲ್ಲಿದ್ದ ಹಲ್ಲು ಟೆಂಪೋ ಕುಲುಕಿದಾಗೆಲ್ಲ ಸದ್ದು ಮಾಡ್ತಿತ್ತು.

ಕೆಲವು ದಿನ ಅವನು ಮನೆ ಕಡೆ ಬರಲಿಲ್ಲ. ನಾನು ಹಲ್ಲು ಹಾಕ್ಕೊಂಡು ಕೂತಿದ್ದೆ. ಮನೇಲಿರೋದು ಅಂದರೆ ಹೀಗೇ ಇರಬೇಕು ಅಂತ ಅಭ್ಯಾಸ ಮಾಡ್ಕೊಳ್ತಿದ್ದೆ. ಒಂದು ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತ.

‘ಕೋರದಲ್ಲಿ ಒಂದು ಮದುವೆ ಇದೆ ಬಡೇಬಾ.’

‘ಕುದುರೆ ಮನೆಗೆ ಹೋಯ್ತಲ್ಲ, ಆ ಊರಾ?’

‘ಅದೇ. ಕುಣಿಗಲ್ ಮದುವೆಗೆ ಬಂದಿದ್ರಂತೆ ಅವರು. ಬಾಗಿಲಲ್ಲಿ ಊದಿದ್ರಲ್ಲ, ಅದು ಬೇಕಂತೆ.’ ಚಪ್ಪಲಿ ನೋಡ್ಕೊಂಡು ಹೇಳಿದ. ‘ಕೆಳಗಿಂದು ನೀವು ಊದಿ. ಮೇಲಿಂದು ಹಿಡೀ ಅಂತ ಅಪ್ಪಾಜಿಗೆ ಹೇಳಿಕೊಡೋಕೆ ಹೋದೆ. ಅದು ಮೊದಲಿಂದ ನನ್ನ ಜಾಗನೇ ಕಣಪ್ಪ, ನೀನೇನು ಹೇಳಿಕೊಡೋದು ಅಂದ.’

‘ಕ್ಲಾರಿನೆಟ್ಟು ತೆಗೀತೀನಿ ಅಂದಿದ್ದೆಯಲ್ಲ.’

‘ಅಂದಿದ್ದೆ,’ ಅಂದ.

ಒಳಗಿಂದ ರಝಿಯಾ ಬಂದ್ಲು. ‘ನಾಸಿರ್, ಹಲ್ಲು ಹಾಕ್ಕೊಂಡು ಬರ್ಬೇಕಾ, ಬಿಟ್ಟು ಬರ್ಬೇಕಾ, ಸರಿಯಾಗಿ ಹೇಳಿ ಹೋಗು. ಆಮೇಲೆ ಬೆಳಿಗ್ಗೆ ಎದ್ದು ನನ್ನ ಕೇಳ್ತಾರೆ.’

ನಾಸಿರ್ ಮೆಟ್ಟಿಲು ಇಳೀತಿದ್ದೋನು ನಿಂತ.

‘ಹಾಕ್ಕೊಂಡೇ ಬರ್ಲಿ ಬಡೀಮಾ, ಫೋಟೋ ತೆಗೀತಾರೆ. ಡಬ್ಬಿ ಮಾತ್ರ ಮರೀದಂಗೆ ನೋಡ್ಕೊಳ್ಳಿ.’